ನಾಲ್ಕು ಗಂಟೆಯ ಪ್ರಾರ್ಥನೆ, ಶುಕ್ರವಾರದ ಲಕೋಟೆ

ಪ್ರಶ್ನೆ: ಅಯ್ಯನವರೇ, ನನಗೆ 38 ವರ್ಷ. ತಾಲ್ಲೂಕು ಮಟ್ಟದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿ 12 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಗಂಡ ಅನುದಾನಿತ ಶಾಲೆಯ ಶಿಕ್ಷಕರು. ಮಗಳು ಎಸ್‌ಎಸ್‌ಎಲ್‌ಸಿ. ಸಕ್ಕರೆ ಕಾಯಿಲೆಯಿರುವ ಅತ್ತೆ ನಮ್ಮ ಜೊತೆಗಿದ್ದಾರೆ. ತಲೆಮಾರುಗಳಿಂದ ನಾವು ಕ್ರೈಸ್ತರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಎರಡು ವರ್ಷಗಳ ಹಿಂದೆ ಒಂದು ಉಜ್ಜೀವನ ಕೂಟದಲ್ಲಿ ಬೋಧಕರು ‘ಉಗುರುಬೆಚ್ಚಗಿರುವವರನ್ನು ಕರ್ತನು ಬಾಯಿಂದ ಕಾರಿಬಿಡುತ್ತಾನೆ’ ಎಂದು ಬೋಧಿಸಿದಾಗ ಅಳುತ್ತಾ ಮುಂದೆ ಹೋಗಿ, ಮೊಣಕಾಲೂರಿ, ನನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಟ್ಟೆ. ಅಂದಿನಿಂದ ಬೆಳಗಿನ ನಾಲ್ಕಕ್ಕೆ ಎದ್ದು ಒಂದೂವರೆ ಗಂಟೆ ಪ್ರಾರ್ಥನೆ, ದಿನಕ್ಕೆ ಹತ್ತು ಅಧ್ಯಾಯ ಸತ್ಯವೇದ, ಶುಕ್ರವಾರ ಪೂರ್ತಿ ಉಪವಾಸ, ತಪ್ಪದೆ ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು ಕಾಣಿಕೆ. ಓದಿದ ಅಧ್ಯಾಯಕ್ಕೆಲ್ಲ ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕುತ್ತೇನೆ.

ಮೊದಮೊದಲು ಬಹಳ ಸಂತೋಷವಿತ್ತು. ಈಗ ಪ್ರಾರ್ಥನೆಯಲ್ಲಿ ತೂಕಡಿಕೆ. ಮನಸ್ಸು ಅತ್ತಿತ್ತ ಹೋದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಒಂದು ದಿನ ತಪ್ಪಿದರೂ ಮಗಳಿಗೆ ಏನೋ ಕೆಟ್ಟದ್ದಾಗುತ್ತದೆ ಎಂಬ ಭಯ. ಉಪವಾಸದ ದಿನ, ಅದರ ಹಿಂದಿನ ದಿನ ಬೇರೆ ಮಲಗುತ್ತೇನೆ. ‘ಇದು ಮನೆಯೋ ಮಠವೋ’ ಎಂದು ಗಂಡ ರೇಗುತ್ತಾರೆ. ನನ್ನನ್ನು ನೋಡಿ ಅತ್ತೆಯೂ ಉಪವಾಸ ಮಾಡುತ್ತೇನೆ ಎನ್ನುತ್ತಿದ್ದಾರೆ. ದಶಮಾಂಶ ಕೊಟ್ಟ ಮೇಲೆ ತಿಂಗಳ ಕೊನೆಗೆ ಅವರ ಇನ್ಸುಲಿನ್‌ಗೆ ಕೈಸಾಲ ಮಾಡಬೇಕಾಗುತ್ತದೆ. ಕಚೇರಿಯಲ್ಲಿ ಆಯುಧಪೂಜೆ, ಪ್ರಸಾದದ ಇಕ್ಕಟ್ಟು ಬೇರೆ. ಶುಕ್ರವಾರ ಸಂಜೆ ಎಲ್ಲರ ಮೇಜಿಗೂ ಒಂದು ಲಕೋಟೆ ಬರುತ್ತದೆ. ನಾನಾಗಿ ಯಾರನ್ನೂ ಕೇಳುವುದಿಲ್ಲ, ಅದರಲ್ಲಿ ಒಂದು ರೂಪಾಯಿಯನ್ನೂ ಮನೆಗೆ ಬಳಸುವುದಿಲ್ಲ, ಭಾನುವಾರ ಹಾಗೆಯೇ ಕಾಣಿಕೆ ಚೀಲಕ್ಕೆ ಹಾಕಿಬಿಡುತ್ತೇನೆ. ಕೂಟದ ಬೋಧಕರು ‘ಫರೋಹನ ಚಾಕರಿ ಬಿಡು, ಪೂರ್ಣಾವಧಿ ಸೇವೆಗೆ ಬಾ’ ಎನ್ನುತ್ತಿದ್ದಾರೆ. ಬಿಟ್ಟುಬಿಡಲೇ? ಸಂಸಾರ, ಕಚೇರಿ ಇಟ್ಟುಕೊಂಡು ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸುವುದು ಆಗದ ಮಾತೇ?

— ಹೆಸರು ಬೇಡ, ಧಾರವಾಡ ಜಿಲ್ಲೆ

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಚಿಂತೆಯನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ‘ಇಷ್ಟೆಲ್ಲ ಮಾಡುತ್ತಿದ್ದರೂ ನಾನು ಅರೆಮನಸ್ಸಿನವಳೇ ಆಗಿದ್ದೇನೆ, ಇನ್ನೂ ಹೆಚ್ಚು ಮಾಡಬೇಕೇನೋ, ಕೆಲಸವನ್ನೇ ಬಿಡಬೇಕೇನೋ.’ ಮೊದಲು ಸಭಾಪಾಲಕನಾಗಿ, ಆಮೇಲೆ ಆಪ್ತಸಮಾಲೋಚಕನಾಗಿ ಇಂಥ ಮಾತುಗಳನ್ನು ಬಹಳ ಕೇಳಿದ್ದೇನೆ. ನಿಮ್ಮ ಭಯ ಒಂದೇ ಅಲ್ಲ, ಎರಡು. ಒಂದಕ್ಕೆ ಯಾವ ಆಧಾರವೂ ಇಲ್ಲ, ಅದನ್ನು ವಾಸಿ ಮಾಡಿಕೊಳ್ಳಬೇಕು. ಇನ್ನೊಂದಕ್ಕೆ ಗಟ್ಟಿಯಾದ ಆಧಾರವಿದೆ, ಅದರ ಮಾತನ್ನು ಕೇಳಬೇಕು. ಎರಡೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ನಿಮಗೆ ಯಾವುದು ಯಾವುದೆಂದು ತಿಳಿಯುತ್ತಿಲ್ಲ.

ಮೊದಲು ‘ಉಗುರುಬೆಚ್ಚಗೆ’ ಎಂಬ ಮಾತನ್ನು ಮುಗಿಸೋಣ. ನಿಮ್ಮ ತಲೆಯ ಮೇಲೆ ತೂಗುತ್ತಿರುವ ಕತ್ತಿ ಅದೇ. ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ ಮೂರನೆಯ ಅಧ್ಯಾಯದಲ್ಲಿ ಈ ಮಾತಿರುವ ಪತ್ರ ಹೋದದ್ದು ಲವೊದಿಕೀಯ ಪಟ್ಟಣಕ್ಕೆ, ಇಂದಿನ ಟರ್ಕಿಯಲ್ಲಿದೆ. ಹತ್ತಿರದ ಹಿಯೆರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು, ಕೊಲೊಸ್ಸೆಯಲ್ಲಿ ತಣ್ಣನೆಯ ಸಿಹಿನೀರು. ಲವೊದಿಕೀಯಕ್ಕೆ ನೀರು ದೂರದಿಂದ ಕಲ್ಲಿನ ಕೊಳವೆಗಳಲ್ಲಿ ಸುಣ್ಣದಂಶ ತುಂಬಿಕೊಂಡು ಬರುತ್ತಿತ್ತು. ಅಲ್ಲಿನವರಿಗೆ ಬಿಸಿ, ತಣ್ಣನೆ ಎರಡೂ ಒಳ್ಳೆಯವೇ, ಪ್ರಯೋಜನವಿಲ್ಲದ್ದು ನಡುವಿನದು ಎಂದು ಅನೇಕ ವಿದ್ವಾಂಸರು ಈ ಮಾತನ್ನು ಬಿಡಿಸುತ್ತಾರೆ. ಭಕ್ತಿಯ ಆವೇಶವನ್ನು ಡಿಗ್ರಿಗಳಲ್ಲಿ ಅಳೆಯುವ ಮಾತಾಗಿ ಅದನ್ನು ಓದಬೇಕಾಗಿಲ್ಲ. ಮುಂದಿನ ವಚನವನ್ನೇ ನೋಡಿ: ಆ ಸಭೆಯ ಮೇಲಿರುವ ಆರೋಪ, ತಾನು ಐಶ್ವರ್ಯವಂತ, ತನಗೆ ಯಾವುದರ ಕೊರತೆಯೂ ಇಲ್ಲ ಎಂದುಕೊಂಡಿರುವುದು. ‘ನನ್ನಲ್ಲಿ ಏನೂ ಇಲ್ಲ’ ಎಂದು ನಾಲ್ಕು ಗಂಟೆಗೆ ಎದ್ದು ಅಳುವವರಿಗೆ ಆ ಪತ್ರ ಬಂದಿಲ್ಲ. ಕೂಟದ ವೇದಿಕೆಯಿಂದ ಈ ವಚನವನ್ನು ಬೀಸುವುದು ಸುಲಭ, ಜನ ಮುಂದೆ ಬರುತ್ತಾರೆ. ಆದರೆ ಬಂದವರು ಮನೆಗೆ ಹೋಗಿ ಹೇಗೆ ಬದುಕುತ್ತಾರೆ ಎಂದು ಯಾರೂ ಹೋಗಿ ನೋಡುವುದಿಲ್ಲ. ಇದು ನನ್ನ ಹಳೆಯ ತಕರಾರು, ಇಲ್ಲಿಗೆ ಬಿಡುತ್ತೇನೆ.

ಮೊದಲಿನ ಸಂತೋಷ ಹೋಯಿತು ಎಂದಿದ್ದೀರಿ. ಹೋಗುತ್ತದೆ. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1738ರ ಮೇ 24ರಂದು ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದು ಬರೆದುಕೊಂಡದ್ದನ್ನು ಎಲ್ಲ ಬೋಧಕರೂ ಹೇಳುತ್ತಾರೆ. ಏಳೆಂಟು ತಿಂಗಳಲ್ಲಿ ಅದೇ ದಿನಚರಿಯಲ್ಲಿ ತಾನಿನ್ನೂ ಕ್ರೈಸ್ತನೇ ಅಲ್ಲ ಎಂದು ಆತ ಬರೆದದ್ದನ್ನು ಹೇಳುವವರು ಕಡಿಮೆ. ಕೋಲ್ಕತ್ತದ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಬಂದಾಗ ಜಗತ್ತಿಗೆ ಗೊತ್ತಾದದ್ದು, ಆಕೆ ದಶಕಗಳ ಕಾಲ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಯಾವ ಅನುಭವವೂ ಇಲ್ಲದೆ ಒಣಗಿದ್ದರು ಎಂಬುದು. ಬೀದಿಯಲ್ಲಿ ಬಿದ್ದವರನ್ನು ಎತ್ತಿ ತರುವ ಕೆಲಸ ಅಷ್ಟು ವರ್ಷವೂ ನಿಲ್ಲಲಿಲ್ಲ. ಇನ್ನು ನಿಮ್ಮ ತೂಕಡಿಕೆಗೆ ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ರಾತ್ರಿ ಪಾತ್ರೆ ತೊಳೆದು, ಮಗಳ ಓದು ಮುಗಿಯುವವರೆಗೆ ಕೂತು, ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಏಳುವ ದೇಹ ನಿದ್ದೆ ಕೇಳುತ್ತಿದೆ. ಅದಕ್ಕೆ ಸೈತಾನನನ್ನು ದೂರಬೇಡಿ.

ನನಗೆ ಕಳವಳ ತಂದದ್ದು ಬೇರೆ ಎರಡು ವಾಕ್ಯ: ಮನಸ್ಸು ಚದುರಿದರೆ ಮತ್ತೆ ಮೊದಲಿನಿಂದ ಶುರು ಮಾಡುವುದು, ಒಂದು ದಿನ ತಪ್ಪಿದರೆ ಮಗಳಿಗೆ ಕೇಡಾಗುತ್ತದೆಂಬ ಭಯ. ಇವು ಭಕ್ತಿಯ ಲಕ್ಷಣಗಳಲ್ಲ. ಮನೋವೈದ್ಯರು ಗೀಳು ಕಾಯಿಲೆ ಎಂದು ಕರೆಯುವುದು ಕೆಲವರಲ್ಲಿ ಕೈ ತೊಳೆಯುವುದಕ್ಕೋ ಬಾಗಿಲ ಚಿಲಕಕ್ಕೋ ಅಂಟಿಕೊಳ್ಳುವಂತೆ, ಭಕ್ತರಲ್ಲಿ ಪ್ರಾರ್ಥನೆಗೆ, ಪಾಪದ ಅರಿಕೆಗೆ ಅಂಟಿಕೊಳ್ಳುತ್ತದೆ. ನಾನು ಕಂಡ ಒಬ್ಬ ಯುವಕನ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ಬದಲಿಸಿದ್ದೇನೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ಕೆಟ್ಟ ಯೋಚನೆ ಸುಳಿದರೆ ಸಾಕು, ಬೈಕನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕರ್ತನ ಪ್ರಾರ್ಥನೆಯನ್ನು ಮೊದಲಿನಿಂದ ಹೇಳುತ್ತಿದ್ದ. ಒಂದು ಪದ ತೊದಲಿದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ. ಕಚೇರಿಗೆ ದಿನವೂ ತಡ. ಸಭೆಯವರು ಅವನನ್ನು ‘ಎಂಥ ಪ್ರಾರ್ಥನಾವೀರ’ ಎಂದು ಹೊಗಳುತ್ತಿದ್ದರು, ಪಾಪ. ಚಿಕಿತ್ಸೆಗೆ ಹೋದ, ಈಗ ಚೆನ್ನಾಗಿದ್ದಾನೆ, ಆರಾಧನೆಗೂ ಬರುತ್ತಾನೆ.

ಇದು ಹೊಸ ಸಂಗತಿಯೂ ಅಲ್ಲ. ಮುಂದೆ ಜೆಸ್ವಿಟ್ ಸಂಘವನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಸ್ಪೇನಿನ ಮಾನ್ರೇಸದಲ್ಲಿ ಎಂದೋ ಅರಿಕೆ ಮಾಡಿ ಮುಗಿಸಿದ ಪಾಪಗಳನ್ನೇ ಮತ್ತೆ ಮತ್ತೆ ಅರಿಕೆ ಮಾಡುತ್ತಾ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ಹಳೆಯ ಪಾಪಗಳನ್ನು ಇನ್ನು ಅರಿಕೆ ಮಾಡುವುದೇ ಇಲ್ಲ ಎಂದು ನಿರ್ಧರಿಸಿದ ಮೇಲೆ ಆ ಕಾಟ ಬಿಟ್ಟಿತು. 1505ರಲ್ಲಿ ಎರ್ಫರ್ಟ್‌ನ ಮಠ ಸೇರಿದ, ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆಯನ್ನು ಆರಂಭಿಸಿದ ಮಾರ್ಟಿನ್ ಲೂಥರ್ ಗಂಟೆಗಟ್ಟಲೆ ಅರಿಕೆ ಮಾಡುತ್ತಾ ಹಿರಿಯ ಗುರುವನ್ನೇ ಸುಸ್ತು ಮಾಡಿದ್ದರು. ಇಂದು ನಮಗೆ ಅವರಿಗಿಲ್ಲದ ಅನುಕೂಲವಿದೆ: ಈ ಕಾಯಿಲೆಗೆ ಮಾತ್ರೆಗಳಿವೆ, ಭಯ ಬಂದರೂ ಮತ್ತೆ ಮಾಡದೆ ತಡೆದುಕೊಳ್ಳುವುದನ್ನು ಹಂತಹಂತವಾಗಿ ಕಲಿಸುವ ಚಿಕಿತ್ಸೆಯಿದೆ. ನಿಮಗೆ ಆ ಕಾಯಿಲೆಯೇ ಇದೆ ಎಂದು ಒಂದು ಪತ್ರ ಓದಿ ನಾನು ಹೇಳುವುದಿಲ್ಲ. ಪರೀಕ್ಷಿಸಿಕೊಳ್ಳಿ ಎಂದು ಮಾತ್ರ ಹೇಳುತ್ತೇನೆ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಹೋಗಲು ಸಂಕೋಚವಾದರೆ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ. ಅಷ್ಟರೊಳಗೆ ಒಂದು ಕೆಲಸ ಮಾಡಿ: ಮನಸ್ಸು ಚದುರಿದರೆ ಚದುರಿದಲ್ಲಿಂದಲೇ ಮುಂದುವರಿಸಿ, ಹಿಂದಕ್ಕೆ ಹೋಗಬೇಡಿ. ಮೊದಲ ಕೆಲವು ದಿನ ಎದೆ ಹೊಡೆದುಕೊಳ್ಳುತ್ತದೆ, ಮಗಳು ಶಾಲೆಯಿಂದ ಬರುವುದು ಐದು ನಿಮಿಷ ತಡವಾದರೂ ‘ಅದಕ್ಕೇ ಹೀಗಾಯಿತು’ ಎನ್ನಿಸುತ್ತದೆ. ಎನ್ನಿಸಲಿ. ಆ ನೋಟ್‌ಬುಕ್ಕನ್ನು ಸದ್ಯಕ್ಕೆ ಅತ್ತೆಯವರ ಕೈಗೆ ಕೊಟ್ಟು ಎತ್ತಿಡಲು ಹೇಳಿ. ಹತ್ತು ಅಧ್ಯಾಯದ ಬದಲು ಒಂದು ಭಾಗ ಓದಿ. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಭೆಯವರು 1731ರಿಂದ ಇಂದಿನವರೆಗೆ ದಿನಕ್ಕೊಂದು ವಚನವನ್ನು ಆರಿಸಿ ಮುದ್ರಿಸುತ್ತಿದ್ದಾರೆ. ಹೊಲಕ್ಕೆ, ಕಮ್ಮಟಕ್ಕೆ ಹೋಗುವವರು ಅದೊಂದನ್ನು ದಿನವಿಡೀ ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದರು. ಅವರ ಭಕ್ತಿಯನ್ನು ಉಗುರುಬೆಚ್ಚಗಿನದು ಎಂದು ಯಾರೂ ಕರೆದದ್ದಿಲ್ಲ.

ಮನೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕು. ಗಂಡಹೆಂಡಿರು ಪ್ರಾರ್ಥನೆಗೆಂದು ಬೇರೆ ಇರುವುದಾದರೆ ಇಬ್ಬರೂ ಒಪ್ಪಿ, ಸ್ವಲ್ಪ ಕಾಲ ಮಾತ್ರ ಇರಬೇಕು, ಮತ್ತೆ ಕೂಡಿಕೊಳ್ಳಬೇಕು ಎಂಬುದು 1 ಕೊರಿಂಥದ ಏಳನೆಯ ಅಧ್ಯಾಯದಲ್ಲಿ ಪೌಲನು ಕೊಟ್ಟ ಬುದ್ಧಿ. ನಿಮ್ಮ ಗಂಡನನ್ನು ನೀವು ಕೇಳಿದ ಹಾಗೆ ಕಾಣುವುದಿಲ್ಲ. ಅವರ ಸಿಟ್ಟು ನಿಮ್ಮ ದೇವರ ಮೇಲಿನದಲ್ಲ, ಕೇಳದೆ ಮಾಡಿದ ತೀರ್ಮಾನದ ಮೇಲಿನದು. ನಿಮ್ಮ ವ್ರತವನ್ನು ಅವರ ಒಪ್ಪಿಗೆಯಿಲ್ಲದೆ ಅವರ ಮೇಲೆ ಹೊರಿಸಬೇಡಿ.

ಅತ್ತೆಯವರ ಉಪವಾಸಕ್ಕೆ ಈ ಕ್ಷಣವೇ ತಡೆ ಹಾಕಿ. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ರಕ್ತದ ಸಕ್ಕರೆ ದಿಢೀರನೆ ಇಳಿಯಬಹುದು, ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ. ‘ನಿಮ್ಮ ಉಪವಾಸ ಸಿಹಿತಿಂಡಿ ಬಿಡುವುದು’ ಎಂದು ನಕ್ಕು ಹೇಳಿಬಿಡಿ.

ಅವರ ಔಷಧಿಗೆ ಕೈಸಾಲ, ಅತ್ತ ತಪ್ಪದ ದಶಮಾಂಶ. ಈ ಲೆಕ್ಕವನ್ನು ಯೇಸು ನೇರವಾಗಿಯೇ ಎತ್ತಿಕೊಂಡದ್ದಿದೆ. ಮಾರ್ಕನ ಏಳನೆಯ ಅಧ್ಯಾಯ ತೆಗೆಯಿರಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಅರ್ಪಿತ, ಎಂದು ಹೇಳಿ ಕೈತೊಳೆದುಕೊಳ್ಳುವವರು ದೇವರ ಆಜ್ಞೆಯನ್ನೇ ಮೀರುತ್ತಾರೆ ಎಂದು ಅಲ್ಲಿ ಖಂಡಿಸಿದ್ದಾನೆ. ಮಲಾಕಿಯ ಪುಸ್ತಕದ ದಶಮಾಂಶದ ವಚನವನ್ನು ಪ್ರತಿ ಕೂಟದಲ್ಲೂ ಓದುತ್ತಾರೆ. ಮಾರ್ಕನ ಈ ವಚನವನ್ನು ಕಾಣಿಕೆಗೆ ಮುಂಚೆ ಓದಿದ್ದನ್ನು ನಾನು ಕೇಳಿಲ್ಲ. ಹೊಸ ಒಡಂಬಡಿಕೆಯಲ್ಲಿ ಪೌಲನು ಕೊರಿಂಥದವರಿಗೆ ಬರೆದದ್ದು, ಇರುವುದಕ್ಕೆ ತಕ್ಕಂತೆ, ಬಲವಂತವಿಲ್ಲದೆ, ಸಂತೋಷದಿಂದ ಕೊಡಬೇಕೆಂದು. ದಶಮಾಂಶವನ್ನು ಶಿಸ್ತಾಗಿ ಇಟ್ಟುಕೊಳ್ಳುವುದು ಒಳ್ಳೆಯದೇ, ನಾನೂ ಇಟ್ಟುಕೊಂಡಿದ್ದೇನೆ. ಆದರೆ ಸಂಬಳ ಬಂದ ದಿನ ಮೊದಲು ಇನ್ಸುಲಿನ್ ಕೊಂಡು ಫ್ರಿಜ್ಜಿನಲ್ಲಿಟ್ಟು, ಆಮೇಲೆ ಗಂಡನ ಜೊತೆ ಕೂತು ಎಷ್ಟು ಕೊಡಬಹುದೆಂದು ಇಬ್ಬರೂ ಸೇರಿ ತೀರ್ಮಾನಿಸಿ. ಹತ್ತರಲ್ಲಿ ಒಂದಾಗದೆ ಇಪ್ಪತ್ತರಲ್ಲಿ ಒಂದಾದರೆ ಶಾಪ ಬರುತ್ತದೆಂದು ಹೇಳುವವರು ಯಾರಾದರೂ ಇದ್ದರೆ, ಅವರಿಗೆ ಮಾರ್ಕನ ಏಳನೆಯ ಅಧ್ಯಾಯವನ್ನು ತೋರಿಸಿ.

ಈಗ ಲಕೋಟೆ. ಅಷ್ಟು ಉದ್ದದ ಪತ್ರದಲ್ಲಿ ಅದಕ್ಕೆ ನೀವು ಕೊಟ್ಟದ್ದು ಎರಡು ವಾಕ್ಯ, ಅದೂ ಪ್ರಸಾದದ ಇಕ್ಕಟ್ಟು ಮತ್ತು ಬೋಧಕರ ಕರೆಯ ನಡುವೆ. ನನ್ನ ಊಹೆ ತಪ್ಪಿರಬಹುದು, ಆದರೂ ಹೇಳುತ್ತೇನೆ: ನಾಲ್ಕು ಗಂಟೆಯ ಪ್ರಾರ್ಥನೆ, ಹತ್ತು ಅಧ್ಯಾಯ, ಉಪವಾಸ, ಇವೆಲ್ಲವೂ ಈ ಲಕೋಟೆಯ ಸುತ್ತ ಸುತ್ತುತ್ತಿವೆ. ಶುಕ್ರವಾರ ಹಸಿದ ಹೊಟ್ಟೆಯಲ್ಲಿ ಮೇಜಿನ ಮುಂದೆ ಕೂತಿದ್ದೀರಿ, ಸಂಜೆ ಅದು ಬಂದು ಡ್ರಾಯರಿಗೆ ಬೀಳುತ್ತದೆ, ಎರಡು ರಾತ್ರಿ ಅದು ನಿಮ್ಮ ಕೈಚೀಲದಲ್ಲಿರುತ್ತದೆ, ಭಾನುವಾರ ಕಾಣಿಕೆ ಚೀಲ ನಿಮ್ಮ ಸಾಲಿಗೆ ಬಂದಾಗ ಮಡಚಿ ಹಾಕಿ ಉಸಿರು ಬಿಡುತ್ತೀರಿ. ಸೋಮವಾರದಿಂದ ಮತ್ತೆ ಪ್ರಾಯಶ್ಚಿತ್ತ. ಎಷ್ಟು ಪ್ರಾರ್ಥಿಸಿದರೂ ಸಾಲದು ಅನ್ನಿಸುವುದಕ್ಕೆ ಇದೂ ಒಂದು ಕಾರಣವಿರಬಹುದು.

ನಿಜವಾದ ಅಪರಾಧಪ್ರಜ್ಞೆಗೂ ಸುಳ್ಳಿನದಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು ಎಂದು ಸಮಾಲೋಚನೆಗೆ ಬಂದವರೆಲ್ಲ ಕೇಳುತ್ತಾರೆ. ನಾನು ನೋಡುವ ಗುರುತು ಇದು. ನಿಜವಾದದ್ದಕ್ಕೆ ಒಂದು ವಿಳಾಸವಿರುತ್ತದೆ: ಇಂಥ ದಿನ, ಇಂಥವರಿಗೆ, ಇಂಥದ್ದನ್ನು ಮಾಡಿದೆ. ಅದನ್ನು ಸರಿಪಡಿಸಲು ಮಾಡಬಹುದಾದ ಒಂದು ಕೆಲಸ ಇರುತ್ತದೆ, ಮಾಡಿದರೆ ಅದು ಸುಮ್ಮನಾಗುತ್ತದೆ. ಸುಳ್ಳಿನದಕ್ಕೆ ವಿಳಾಸವಿಲ್ಲ, ಎಷ್ಟು ಕೊಟ್ಟರೂ ಇನ್ನಷ್ಟು ಕೇಳುತ್ತದೆ. ಪ್ರಾರ್ಥನೆ ತಪ್ಪಿದರೆ ಮಗಳಿಗೆ ಕೇಡೆಂಬುದು ಎರಡನೆಯ ಜಾತಿ. ಲಕೋಟೆ ಮೊದಲನೆಯದು, ಅದಕ್ಕೆ ವಿಳಾಸವಿದೆ.

ಅದು ಯಾರ ಹಣ? ಖಾತೆ ಬದಲಾವಣೆಗೆ ತಿಂಗಳುಗಟ್ಟಲೆ ಅಲೆದವರದು, ಜಮೀನು ಬೇರ್ಪಡಿಸುವ ಪೋಡಿಗೆ ಕಾದ ರೈತನದು, ವಿಧವಾ ವೇತನದ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತವರದು. ಅದನ್ನು ಕಾಣಿಕೆಗೆ ಹಾಕಿದರೆ ಅವರಿಗೆ ಏನೂ ಮರಳುವುದಿಲ್ಲ. ಬಡ ವಿಧವೆ ಎರಡು ಕಾಸು ಹಾಕಿದ ಕಥೆ ನಮಗೆಲ್ಲ ಬಾಯಿಪಾಠ. ಮಾರ್ಕನ ಹನ್ನೆರಡನೆಯ ಅಧ್ಯಾಯದಲ್ಲಿ ಅದಕ್ಕೆ ಸ್ವಲ್ಪ ಮುಂಚೆ, ವಿಧವೆಯರ ಮನೆಗಳನ್ನು ನುಂಗಿ ನಟನೆಗೆ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ಬಗ್ಗೆ ಯೇಸು ಎಚ್ಚರಿಸಿದ್ದಾನೆ. ಎರಡನ್ನೂ ಒಟ್ಟಿಗೆ ಓದಿ. ನೀವು ಅಂಥವರಲ್ಲ, ನಟನೆ ನಿಮ್ಮಲ್ಲಿಲ್ಲ, ಗೊತ್ತು. ಆದರೆ ಹಣ ಹೋಗುತ್ತಿರುವ ದಾರಿ ಅದೇ. ಯೆಶಾಯನ 58ನೆಯ ಅಧ್ಯಾಯವೂ ಉಪವಾಸದ ದಿನ ಕೂಲಿಯವರನ್ನು ಹಿಂಡುವವರಿಗೇ ಹೇಳಿದ್ದು. ಕಾನೂನಿನ ಮಾತು ಇನ್ನೂ ಸರಳ: 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಸರ್ಕಾರಿ ನೌಕರರು ಅಂಥ ಲಂಚದ ಹಣ ಪಡೆಯುವುದೇ ಅಪರಾಧ. ನಾನಾಗಿ ಕೇಳಲಿಲ್ಲ, ಆಮೇಲೆ ದಾನ ಮಾಡಿದೆ ಎಂದರೆ ಅದು ತೊಳೆದುಹೋಗುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಹಂಚುವವರಿಗೆ ಮೆಲ್ಲಗೆ, ಒಬ್ಬರೇ ಇರುವಾಗ, ‘ಇನ್ನು ಮುಂದೆ ನನಗೆ ಇಡಬೇಡಿ’ ಎನ್ನುವುದು ಮೊದಲ ದಾರಿ. ಉಪದೇಶ ಬೇಡ, ಸತ್ಯವೇದದ ವಚನ ಬೇಡ, ಬೇರೆಯವರ ಪಾಲಿನ ಮಾತು ಬೇಡ. ಅಪಾಯವೂ ಇದೆ. ಬೇಡ ಎನ್ನುವವರು ದೂರು ಕೊಡುತ್ತಾರೇನೋ ಎಂಬ ಅನುಮಾನ ಬರುತ್ತದೆ. ಊಟಕ್ಕೆ ಕರೆಯುವುದು ನಿಲ್ಲಬಹುದು, ಕಷ್ಟದ ಕಡತಗಳೆಲ್ಲ ನಿಮ್ಮ ಮೇಜಿಗೆ ಬರಬಹುದು, ದೂರದ ಊರಿಗೆ ವರ್ಗವಾಗಬಹುದು. ಮಗಳ ಪರೀಕ್ಷೆಯ ವರ್ಷ ಇದು, ಆದ್ದರಿಂದ ಗಂಡನ ಬಳಿ ಮೊದಲು ಎಲ್ಲವನ್ನೂ ಹೇಳಿ. ಬಹುಶಃ ಎರಡು ವರ್ಷಗಳಲ್ಲಿ ನೀವು ಅವರ ಜೊತೆ ಆಡುವ ಅತ್ಯಂತ ಆತ್ಮಿಕವಾದ ಮಾತು ಅದೇ ಆದೀತು. ಎರಡನೆಯದು, ಜನರ ಕಡತ ಬಾರದ ಟಪಾಲು ಅಥವಾ ಸಿಬ್ಬಂದಿ ವಿಭಾಗವನ್ನು ಕೇಳಿಕೊಳ್ಳುವುದು. ಅಪಾಯ ಕಡಿಮೆ, ಮನಸ್ಸಿಗೆ ಬಿಡುವು. ಆದರೆ ನಿಮ್ಮ ಕುರ್ಚಿಗೆ ಬರುವವರು ಹೇಗಿರುತ್ತಾರೋ. ಮೂರನೆಯದು ಲೋಕಾಯುಕ್ತಕ್ಕೆ ದೂರು. ಅದು ಧೈರ್ಯದ ದಾರಿ, ನಾನು ತಡೆಯುವುದಿಲ್ಲ, ತಳ್ಳುವುದೂ ಇಲ್ಲ. ಇಷ್ಟು ದಿನ ನಿಮ್ಮ ಕೈಗೂ ಬಂದಿರುವುದರಿಂದ ವಕೀಲರನ್ನು ಕಾಣದೆ ಅತ್ತ ಹೆಜ್ಜೆ ಇಡಬೇಡಿ. ಸಾಕ್ಷಿ ಹೇಳುವ ಹುಮ್ಮಸ್ಸಿನಲ್ಲಿ ಸಭೆಯ ಮುಂದೆ ಮೈಕ್ ಹಿಡಿದು ಇದನ್ನು ಹೇಳಬೇಡಿ, ಅದರಿಂದ ಯಾರಿಗೂ ಉಪಯೋಗವಿಲ್ಲ.

ಹಿಂದೆ ಪಡೆದದ್ದಕ್ಕೆ? ಲೂಕನ 19ನೆಯ ಅಧ್ಯಾಯದ ಸುಂಕದವನಾದ ಜಕ್ಕಾಯನು ತಾನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ಕೊಡುತ್ತೇನೆಂದನು, ಕೊಡುತ್ತೇನೆಂದದ್ದು ದೇವಾಲಯಕ್ಕಲ್ಲ, ಕಳೆದುಕೊಂಡವರಿಗೆ. ನಿಮ್ಮ ಲಕೋಟೆಯಲ್ಲಿ ಯಾರದು ಎಷ್ಟು ಎಂದು ನಿಮಗೆ ಗೊತ್ತಿಲ್ಲ, ಹುಡುಕಿ ಕೊಡಲಾಗದು. ಆದರೆ ಅದೇ ಜನ ದಿನವೂ ನಿಮ್ಮ ಕಿಟಕಿಗೆ ಬರುತ್ತಾರೆ. ಕಡತಗಳನ್ನು ಬಂದ ಸರದಿಯಲ್ಲೇ ತೆಗೆಯಿರಿ. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆ 2011ರಲ್ಲೇ ಬಂದಿದೆ; ಅದರ ವ್ಯಾಪ್ತಿಯ ಅರ್ಜಿಗೆ ಸ್ವೀಕೃತಿ ಸಂಖ್ಯೆ, ಗಡುವು ಎರಡೂ ಇರುತ್ತವೆ. ಅದನ್ನು ಓದಲು ಬಾರದ ಅಜ್ಜಿಗೆ ‘ಇಂಥ ತಾರೀಕಿನ ಒಳಗೆ ಆಗುತ್ತದೆ, ಅಲ್ಲಿವರೆಗೆ ಬಸ್ ಚಾರ್ಜು ಹಾಕಿಕೊಂಡು ಬರಬೇಡಿ’ ಎಂದು ಬಿಡಿಸಿ ಹೇಳಿ. ಯಾವ ದಾಖಲೆ ಕಡಿಮೆಯಿದೆ ಎಂಬುದನ್ನು ಮೂರು ಸಲಕ್ಕೆ ಮೂರು ಹೇಳದೆ ಒಂದೇ ಸಲ ಚೀಟಿಯಲ್ಲಿ ಬರೆದುಕೊಡಿ. ಸಂಸಾರ, ಕಚೇರಿ ಇಟ್ಟುಕೊಂಡು ಪೂರ್ಣ ಹೃದಯದಿಂದ ದೇವರನ್ನು ಪ್ರೀತಿಸಲು ಆಗುತ್ತದೆಯೇ ಎಂದು ಕೇಳಿದಿರಿ. ನಾನು ಅದನ್ನು ಹುಡುಕುವುದು ಇಂಥ ಕಡೆಯೇ. ಗಡಿಯಾರ ಇಟ್ಟುಕೊಂಡು ಪ್ರಾರ್ಥನೆಯ ಉದ್ದ ನೋಡುವುದನ್ನು ಎಂದೋ ಬಿಟ್ಟಿದ್ದೇನೆ.

ಆಯುಧಪೂಜೆ, ಪ್ರಸಾದದ ವಿಷಯ ಚಿಕ್ಕದಾಗಿ. ಎಲ್ಲ ಸಭೆಗಳೂ ಇದರಲ್ಲಿ ಒಂದೇ ಮಾತು ಹೇಳುವುದಿಲ್ಲ. ಸಿರಿಯಾದ ದಂಡನಾಯಕ ನಾಮಾನನು, ‘ಅರಸನು ನನ್ನ ಕೈ ಹಿಡಿದು ರಿಮ್ಮೋನನ ಗುಡಿಯಲ್ಲಿ ಬಾಗುವಾಗ ನಾನೂ ಬಾಗಬೇಕಾಗುತ್ತದೆ, ಕ್ಷಮಿಸಬೇಕು’ ಎಂದಾಗ ಪ್ರವಾದಿ ಎಲೀಷನು ಸಮಾಧಾನದಿಂದ ಹೋಗು ಎಂದನು. ಪೌಲನು, ಇಟ್ಟದ್ದನ್ನು ವಿಚಾರಿಸದೆ ಉಣ್ಣಿರಿ, ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಹೇಳಿದವರ ಮನಸ್ಸಾಕ್ಷಿಯ ಸಲುವಾಗಿ ಬಿಡಿರಿ ಎಂದನು. ಪೂಜೆಯ ಹೊತ್ತಿಗೆ ಸಹೋದ್ಯೋಗಿಗಳ ಜೊತೆ ಗೌರವದಿಂದ ನಿಲ್ಲಿ, ನಿಮ್ಮ ಮನಸ್ಸು ಒಪ್ಪದ್ದನ್ನು ಮಾಡಬೇಡಿ, ಪ್ರಸಾದ ಬೇಡವೆನ್ನಿಸಿದರೆ ಎರಡೂ ಕೈ ಮುಗಿದು ಬೇಡವೆನ್ನಿ. ಮುಖ ಸಿಂಡರಿಸಬೇಡಿ. ಕ್ರಿಸ್ಮಸ್‌ಗೆ ನೀವು ಒಯ್ಯುವ ಕೇಕನ್ನು ಅವರೆಲ್ಲ ತಿನ್ನುತ್ತಾರೆ. ಲಕೋಟೆ ತೆಗೆದುಕೊಂಡು ಪ್ರಸಾದ ಬಿಡುವುದು ಮಾತ್ರ ನನಗೆ ಅರ್ಥವಾಗದ ಭಕ್ತಿ.

ಕೊನೆಗೆ ಕೆಲಸ ಬಿಡುವ ಪ್ರಶ್ನೆ. ಸರ್ಕಾರಿ ಕೆಲಸ ಫರೋಹನ ಚಾಕರಿ ಎಂದರಂತೆ ಬೋಧಕರು. ಯೋಸೇಫ ದುಡಿದದ್ದು ಈಜಿಪ್ಟಿನ ಅರಸ ಫರೋಹನ ಬಳಿಯೇ, ದಾನಿಯೇಲ ಬಾಬಿಲೋನಿನ ಆಸ್ಥಾನದಲ್ಲಿ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ವಂದನೆ ಹೇಳುವವರ ಪೈಕಿ ಎರಸ್ತನೊಬ್ಬನಿದ್ದಾನೆ, ಪಟ್ಟಣದ ಖಜಾನೆಯ ಅಧಿಕಾರಿ. ಹೆಚ್ಚುಕಡಿಮೆ ನಿಮ್ಮ ಇಲಾಖೆಯವನೇ. ಸುಂಕದವರು ಬಂದು ಏನು ಮಾಡಬೇಕೆಂದು ಕೇಳಿದಾಗ ಸ್ನಾನಿಕನಾದ ಯೋಹಾನನು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎಂದ, ಸುಂಕದಕಟ್ಟೆ ಬಿಡಿ ಎನ್ನಲಿಲ್ಲ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ನಿಮ್ಮ ಧಾರವಾಡಕ್ಕೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರೂ ಸಭೆ ಸೇರಿದವರನ್ನೆಲ್ಲ ಬೋಧಕರನ್ನಾಗಿ ಮಾಡಲಿಲ್ಲ. ಮಗ್ಗ ಹಾಕಿಸಿದರು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ದುಡಿದ ಕೈಗಳೇ ಸಂಜೆ ಕುಟುಂಬ ಪ್ರಾರ್ಥನೆಗೆ ಜೋಡಿಸಿಕೊಳ್ಳುತ್ತಿದ್ದವು. ನಿಮ್ಮ ಮುತ್ತಜ್ಜ ಮುತ್ತಜ್ಜಿ ಬಹುಶಃ ಆ ಜನ.

ಈಜಿಪ್ಟಿನ ಮರುಭೂಮಿಯ ಸಂನ್ಯಾಸಿಗಳಲ್ಲಿ ಗಿಡ್ಡ ಯೋಹಾನ ಎಂಬವನ ಕಥೆಯೊಂದಿದೆ. ದೇವದೂತರಂತೆ ಚಿಂತೆ, ದುಡಿಮೆ ಏನೂ ಇಲ್ಲದೆ ದೇವರನ್ನು ಆರಾಧಿಸುತ್ತೇನೆಂದು ಹೊದಿಕೆಯನ್ನು ಕಳಚಿಟ್ಟು ಅಡವಿಗೆ ಹೊರಟುಹೋದ. ವಾರ ಕಳೆದು ತಿರುಗಿ ಬಂದು ಅಣ್ಣನ ಬಾಗಿಲು ತಟ್ಟಿದ. ‘ಯಾರು?’ ‘ನಾನು, ಯೋಹಾನ.’ ‘ಯೋಹಾನ ದೇವದೂತನಾಗಿದ್ದಾನೆ, ಅವನು ಮನುಷ್ಯರ ನಡುವೆ ಇಲ್ಲ’ ಎಂದ ಅಣ್ಣ ಬೆಳಗಾಗುವವರೆಗೆ ಬಾಗಿಲು ತೆರೆಯಲಿಲ್ಲ. ಬೆಳಗ್ಗೆ ತೆರೆದು, ‘ನೀನು ಮನುಷ್ಯ, ಉಣ್ಣಬೇಕಾದರೆ ದುಡಿಯಬೇಕು’ ಎಂದನಂತೆ. ಆ ಅಣ್ಣನ ಮೇಲೆ ನನಗೆ ಬಹಳ ಗೌರವ.

ಪೂರ್ಣಾವಧಿ ಸೇವೆಯ ಕರೆ ಸುಳ್ಳೆಂದು ಹೇಳುತ್ತಿಲ್ಲ. ಕೆಲವರಿಗೆ ಅದು ನಿಜವಾಗಿ ಬರುತ್ತದೆ. ಆದರೆ ಅಪರಾಧಪ್ರಜ್ಞೆಯಿಂದ ತಪ್ಪಿಸಿಕೊಳ್ಳಲು ಕೆಲಸ ಬಿಟ್ಟವರನ್ನು ಕಂಡಿ‌ದ್ದೇನೆ. ಅದು ಅವರ ಜೊತೆಯೇ ಹೋಗುತ್ತದೆ, ಸಂಬಳವೊಂದು ನಿಂತಿರುತ್ತದೆ. 2006ರ ಏಪ್ರಿಲ್ ನಂತರ ಸೇವೆಗೆ ಸೇರಿದ ನೀವು ಹೊಸ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್‌ನಲ್ಲಿದ್ದೀರಿ. ಅವಧಿಗೆ ಮುಂಚೆ ಹೊರಬಂದರೆ ಏನು ಕೈಗೆ ಸಿಗುತ್ತದೆ, ಏನು ಪಿಂಚಣಿ ಯೋಜನೆಗೆ ಹೋಗುತ್ತದೆ ಎಂಬುದನ್ನು ಖಜಾನೆಯಲ್ಲಿ ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ. ನಿಮ್ಮನ್ನು ಕರೆದ ಬೋಧಕರನ್ನೂ ಎರಡು ಪ್ರಶ್ನೆ ಕೇಳಿ: ತಿಂಗಳ ಸಂಬಳ ಯಾರು ಕೊಡುತ್ತಾರೆ, ನಿಮ್ಮ ಕೂಟದ ಲೆಕ್ಕಪತ್ರ ಯಾರು ತಪಾಸಣೆ ಮಾಡುತ್ತಾರೆ? ಉತ್ತರದ ಬದಲು ನಂಬಿಕೆಯ ಮೇಲೆ ಬೋಧನೆ ಬಂದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು ಎಂದುಕೊಳ್ಳಿ.

ರಾಜೀನಾಮೆಯನ್ನು ಒಂದು ವರ್ಷ ಮುಂದೂಡಿ. ಲಕೋಟೆ ನಿಂತು, ನಾಲ್ಕರ ಬದಲು ಐದೂವರೆಗೆ ಏಳುವ ರೂಢಿಯಾಗಿ, ವೈದ್ಯರನ್ನು ಕಂಡು, ಮಗಳ ಪರೀಕ್ಷೆ ಮುಗಿದು ಒಂದು ವರ್ಷವಾದ ಮೇಲೂ ಆ ಕರೆ ಹಾಗೆಯೇ ಇದ್ದರೆ, ನಿಮ್ಮ ಸಭಾಪಾಲಕರ ಮೂಲಕ ಬಿಷಪ್ಪರನ್ನು ಕಾಣಿ. ಸಿಎಸ್‌ಐನಲ್ಲಿ ಸ್ತ್ರೀಯರಿಗೂ ಗುರುದೀಕ್ಷೆಯಿದೆ, ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಜಿಕಲ್ ಕಾಲೇಜಿದೆ. ಪೂರ್ತಿ ಓದಿಗೆ ಹೋಗುವ ಮುಂಚೆ ಸಭೆಯಲ್ಲೇ ರೋಗಿಗಳ ಭೇಟಿಯಂಥ ಒಂದು ಕೆಲಸವನ್ನು ವಹಿಸಿಕೊಂಡು ನೋಡಬಹುದು. ಆಗ ನನಗೆ ಮತ್ತೊಂದು ಪತ್ರ ಬರೆಯಿರಿ, ಪರಿಚಯಪತ್ರ ಬೇಕಾದರೆ ಕೊಡುತ್ತೇನೆ. ಆ ಪತ್ರದಲ್ಲಿ ನಿಮ್ಮ ಗಂಡನ ಸಹಿಯೂ ಇರಲಿ.